ವ್ಯಾಯಾಮ ಮಾಡದೆ ತೂಕ ಇಳಿಸಿದ್ದು: ನಾನು ಅನುಸರಿಸಿದ ಲೆಕ್ಕ

ಜಿಮ್ ಇಲ್ಲ, ಓಟವಿಲ್ಲ, ಗಂಟೆ ನೋಡಿಕೊಂಡು ಮಾಡುವ ಕಸರತ್ತೂ ಇಲ್ಲ. ಹಾಗಿದ್ದೂ ತೂಕ ಇಳಿಯುತ್ತದೆ, ಅಳತೆಯೊಂದನ್ನು ಬಿಡದಿದ್ದರೆ. ನಾನು ಕೈ ಹಾಕಿದ್ದು ತಟ್ಟೆಯ ಊಟಕ್ಕಿಂತ ಮೊದಲು, ಯಾರ ಲೆಕ್ಕಕ್ಕೂ ಸಿಗದೆ ಹೊಟ್ಟೆ ಸೇರುವ ಮೂರು ವಸ್ತುಗಳಿಗೆ: ಸುರಿಯುವ ಎಣ್ಣೆ, ಕುಡಿಯುವ ಸಕ್ಕರೆ, ಆಗಾಗ ಬಾಯಾಡಿಸುವ ಕುರುಕಲು. ಬಹಳ ಜನರಿಗೆ ಈ ಮೂರರಲ್ಲೇ ದಿನಕ್ಕೆ 300ರಿಂದ 500 ಕ್ಯಾಲರಿಯ ಕಡಿತ ಸಿಕ್ಕಿಬಿಡುತ್ತದೆ. ಊಟಕ್ಕೆ ಕತ್ತರಿ ಹಾಕುವ ಪ್ರಶ್ನೆ ಆಮೇಲಿನದು.

ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಒಂದು ಕಿಲೋ ದೇಹದ ಕೊಬ್ಬೆಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ 3,500, ಅಂದರೆ ಅರ್ಧ ಕಿಲೋಗೂ ತುಸು ಕಡಿಮೆ. ದೇಹದ ದಿನದ ಖರ್ಚನ್ನು ನಾನು ಅಂದಾಜು ಮಾಡುವುದು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರದಿಂದ. ಕಿಲೋದಲ್ಲಿರುವ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರ್‌ನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ ಐದರಷ್ಟನ್ನು ಕಳೆಯಿರಿ. ಗಂಡಸರಾದರೆ ಕೊನೆಗೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ಬಂದ ಸಂಖ್ಯೆಯನ್ನು, ದಿನವಿಡೀ ಕೂತು ಕೆಲಸ ಮಾಡುವವರು 1.2ರಿಂದ ಗುಣಿಸಿದರೆ ಸಾಕು.

80 ಕಿಲೋ ತೂಕ, 165 ಸೆಂ.ಮೀ. ಎತ್ತರ, 40 ವರ್ಷದ ಹೆಂಗಸಿಗೆ ಇದು ಸುಮಾರು 1,760 ಬರುತ್ತದೆ. ಇಲ್ಲಿ 500 ಕಡಿತ ಮಾಡಿದರೆ ಉಳಿಯುವುದು 1,260. ಅದು ತೀರಾ ಬಿಗಿ, ಬಹಳ ದಿನ ನಡೆಯುವುದಿಲ್ಲ. ಇಂಥ ಕಡೆ 300 ಅಥವಾ 400 ಸಾಕು. ವೈದ್ಯರ ನಿಗಾ ಇಲ್ಲದೆ ಹೆಂಗಸರು 1,200ರ ಕೆಳಗೆ, ಗಂಡಸರು 1,500ರ ಕೆಳಗೆ ಇಳಿಯಬಾರದು. ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತದೊತ್ತಡದ ಔಷಧಿಯಲ್ಲಿರುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಊಟ ತಗ್ಗಿದಾಗ ಅದೇ ಡೋಸ್ ಹೆಚ್ಚಾಗಿಬಿಡಬಹುದು. ಗರ್ಭಿಣಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು ಈ ಲೆಕ್ಕಕ್ಕೆ ಬರಲೇಬಾರದು.

ಇನ್ನು ಎಣ್ಣೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಹಾಗಾಗಿ ಎಣ್ಣೆಯಲ್ಲಿ ಕಣ್ಣಂದಾಜು ತಪ್ಪಿದಷ್ಟು ದುಬಾರಿಯಾಗಿ ಬೇರೆಲ್ಲೂ ತಪ್ಪುವುದಿಲ್ಲ. ಚಮಚದಿಂದ ಅಳೆಯುವುದನ್ನು ನಾನು ನಂಬುವುದಿಲ್ಲ. 15 ಮಿಲಿ ಚಮಚಕ್ಕೆ 120 ಕ್ಯಾಲರಿ ಎಂದು ಪುಸ್ತಕದಲ್ಲಿರುತ್ತದೆ ನಿಜ, ಆದರೆ ಮನೆಯ ಚಮಚ 15 ಮಿಲಿಯೇ ಎಂಬ ಖಾತ್ರಿ ಎಲ್ಲಿದೆ? ಸುರಿಯುವಾಗ ಅಂಚು ಮೀರಿ ಬಾಣಲೆಗೆ ಬಿದ್ದದ್ದಂತೂ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ನನ್ನ ಕ್ರಮ ಹೀಗೆ: ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಎಣ್ಣೆ ಬಾಟಲಿಯನ್ನೇ ಇಟ್ಟು ಸೊನ್ನೆ ಒತ್ತುವುದು. ಬಾಟಲಿ ಎತ್ತಿ ಬೇಕಾದಷ್ಟು ಸುರಿದು, ತಿರುಗಿ ತಕ್ಕಡಿಯ ಮೇಲಿಡುವುದು. ಪರದೆಯ ಮೇಲೆ ಮೈನಸ್ 42 ಎಂದು ಬಂದರೆ ಬಾಣಲೆಗೆ ಹೋದದ್ದು 42 ಗ್ರಾಂ, ಅಂದರೆ 378 ಕ್ಯಾಲರಿ. ಮೂವರು ಉಣ್ಣುವ ಅಡುಗೆಯಾದರೆ ತಲೆಗೆ 126. ಹೊತ್ತಿಗೆ ಎರಡು ಪದಾರ್ಥ, ದಿನಕ್ಕೆ ಎರಡು ಊಟ ಎಂದರೆ ಎಣ್ಣೆಯೊಂದೇ 500 ದಾಟುತ್ತದೆ. ತಕ್ಕಡಿ ಬಹಳ ಹೊತ್ತು ಸುಮ್ಮನಿದ್ದರೆ ತಾನಾಗಿ ಆರಿಹೋಗಿ ಸೊನ್ನೆ ಮರೆತುಬಿಡುತ್ತದೆ. ಅದಕ್ಕೆ ಸುರಿದ ಕೂಡಲೇ ಬಾಟಲಿಯನ್ನು ವಾಪಸ್ ಇಡಬೇಕು.

ಇಳಿಸುವ ಬಗೆಯೂ ಇಷ್ಟೇ ಸರಳ. ಬಾಣಲೆ ಕಾದ ಮೇಲೆ ಎಣ್ಣೆ ಹಾಕಬೇಕು. ಕಾದ ಎಣ್ಣೆ ತೆಳುವಾಗಿ ತಳವೆಲ್ಲ ಹರಡುತ್ತದೆ. ತಣ್ಣನೆಯ ಬಾಣಲೆಯಲ್ಲಿ ಅದು ಮಂದವಾಗಿ ಒಂದೇ ಕಡೆ ನಿಲ್ಲುತ್ತದೆ, ಸಾಲದೆಂದು ಕೈ ಇನ್ನಷ್ಟು ಸುರಿಯುತ್ತದೆ. ಈರುಳ್ಳಿ ತಳ ಹಿಡಿಯತೊಡಗಿದರೆ ಎರಡು ಚಮಚ ನೀರು ಚಿಮುಕಿಸಿ ಕೆದಕಿದರೆ ಬಿಡುತ್ತದೆ, ಎಣ್ಣೆ ಬೇಕಿಲ್ಲ. ಬದನೆಕಾಯಿಯನ್ನು ಹಸಿಯಾಗಿಯೇ ಎಣ್ಣೆಗೆ ಹಾಕಿದರೆ ಒಳಗಿನ ಗಾಳಿಗೂಡುಗಳು ಎಲ್ಲವನ್ನೂ ಹೀರಿಕೊಳ್ಳುತ್ತವೆ. ಮೊದಲು ಐದು ನಿಮಿಷ ಹಬೆಯಲ್ಲಿಟ್ಟರೆ ಗೂಡುಗಳು ಕುಸಿದು ಹೀರುವುದು ತಗ್ಗುತ್ತದೆ. ಇಟ್ಟ ಎಣ್ಣೆಯಲ್ಲಿ ಒಂದು ಸಣ್ಣ ಚಮಚದಷ್ಟನ್ನು ಉಳಿಸಿ ಒಲೆ ಆರಿಸುವ ಮುನ್ನ ಮೇಲೆ ಹಾಕಿದರೆ ಪರಿಮಳ ಮೊದಲು ಮೂಗಿಗೇ ಬರುತ್ತದೆ, ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಎಣ್ಣೆಯನ್ನು ಪೂರ್ತಿ ಬಿಡುವುದಕ್ಕೆ ನಾನು ಒಪ್ಪುವುದಿಲ್ಲ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲು ಕೊಬ್ಬು ಬೇಕೇ ಬೇಕು. ಸಪ್ಪೆ ಊಟ ಮಾಡಿ ಎದ್ದವರ ಕೈ ಒಂದು ಗಂಟೆಯೊಳಗೆ ತಿಂಡಿ ಡಬ್ಬದ ಕಡೆ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಸಕ್ಕರೆಯ ವಿಷಯದಲ್ಲಿ ಮೋಸವಿರುವುದು ಚಮಚದ ಗೋಪುರದಲ್ಲಿ. ಸಮ ಮಾಡಿದ ಸಣ್ಣ ಚಮಚಕ್ಕೆ 4 ಗ್ರಾಂ. ತುಂಬಿ ತುಳುಕುವ ಚಮಚಕ್ಕೆ 6, 7 ಗ್ರಾಂ. ಅಂಥ ಎರಡು ಚಮಚದ ಚಹಾ ನಾಲ್ಕು ಸಲ ಕುಡಿದರೆ ಸಕ್ಕರೆಯಿಂದಲೇ 200 ಕ್ಯಾಲರಿ. ಒಮ್ಮೆಲೇ ನಿಲ್ಲಿಸುವುದಕ್ಕಿಂತ ವಾರಕ್ಕೆ ಕಾಲು ಚಮಚದಂತೆ ಇಳಿಸುವುದು ಮೇಲು, ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ. 330 ಮಿಲಿಯ ಸಿಹಿ ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಹಣ್ಣಿನ ರಸವೂ ಇದೇ ಸಾಲಿಗೆ ಸೇರುತ್ತದೆ: ಒಂದು ಲೋಟಕ್ಕೆ ಮೂರು ಕಿತ್ತಳೆ ಹಿಂಡಿ ನಾರನ್ನು ಬಿಸಾಕುತ್ತೇವೆ, ಆದರೆ ಮೂರು ಕಿತ್ತಳೆಯನ್ನು ಸುಲಿದು ತಿನ್ನುವವರು ಕಡಿಮೆ. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ 10 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಜೇನೂ ಹಣ್ಣಿನ ರಸವೂ ಅದರ ಲೆಕ್ಕದೊಳಗೇ ಬರುತ್ತವೆ.

ಕಡಲೆಬೀಜ 100 ಗ್ರಾಂಗೆ ಸುಮಾರು 570 ಕ್ಯಾಲರಿ. ಒಂದು ಹಿಡಿ 30 ಗ್ರಾಂ ಎಂದುಕೊಂಡರೂ 170. ಒಳ್ಳೆಯ ಆಹಾರವೇ, ಬಿಡಬೇಕಾಗಿಲ್ಲ. ತೂಗಿ ಬಟ್ಟಲಿಗೆ ಹಾಕಿಕೊಂಡು, ಡಬ್ಬ ಮುಚ್ಚಿ ಒಳಗಿಟ್ಟ ಮೇಲೆ ತಿನ್ನಬೇಕು. ಡಬ್ಬದಿಂದ ನೇರವಾಗಿ ತಿಂದದ್ದಕ್ಕೆ ಲೆಕ್ಕವೂ ಇಲ್ಲ, ನೆನಪೂ ಇಲ್ಲ. ಎಷ್ಟೇ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಅಮೆರಿಕದಲ್ಲಿ ಅಳೆದು ನೋಡಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಅವರು ತಿಂದದ್ದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಿಮೆಯಾಗಿ, ಓಡಾಟವನ್ನು ನೂರಕ್ಕೆ 51ರಷ್ಟು ಹೆಚ್ಚಾಗಿ ಬರೆದಿದ್ದರು. ಅವರ ದೇಹದ ಶಕ್ತಿಯ ಖರ್ಚು ಮಾತ್ರ ನಿರೀಕ್ಷಿಸಿದಷ್ಟೇ ಇತ್ತು. ಹಾಗಾಗಿ ತೂಕ ಇಳಿಯದಾಗ ನಾನು ಥೈರಾಯ್ಡ್ ಬಗ್ಗೆ ಯೋಚಿಸುವ ಮೊದಲು ಬರೆದಿಟ್ಟದ್ದನ್ನು ನೋಡುತ್ತೇನೆ.

ತಟ್ಟೆಯ ವಿಚಾರದಲ್ಲಿ ಮೊದಲ ಎಚ್ಚರಿಕೆ ಹಸಿ ತೂಕ, ಬೆಂದ ತೂಕದ ಗೊಂದಲ. 100 ಗ್ರಾಂ ಅಕ್ಕಿಗೆ 360 ಕ್ಯಾಲರಿ. ಅದು ಬೆಂದು 300 ಗ್ರಾಂ ಹತ್ತಿರ ಬಂದ ಮೇಲೆ 100 ಗ್ರಾಂ ಅನ್ನಕ್ಕೆ ಸುಮಾರು 130 ಮಾತ್ರ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕಿದರೆ ಲೆಕ್ಕ ಮೂರು ಪಟ್ಟು ಕೆಡುತ್ತದೆ. ಪ್ರೋಟೀನ್ ಒಂದು ಕಿಲೋ ದೇಹತೂಕಕ್ಕೆ 1.2ರಿಂದ 1.6 ಗ್ರಾಂ ಇರುವಂತೆ ನೋಡಿಕೊಳ್ಳುತ್ತೇನೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಸಲ್ಲದು. 70 ಕಿಲೋ ಇರುವವರಿಗೆ 84ರಿಂದ 112 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8, ಬೆಂದ ಬೇಳೆ 100 ಗ್ರಾಂನಲ್ಲಿ 7ರಿಂದ 9, ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆಮಾಂಸ 100 ಗ್ರಾಂನಲ್ಲಿ 30ರಷ್ಟು. ವ್ಯಾಯಾಮ ಮಾಡದವರಿಗೆ ಇದು ಇನ್ನೂ ಮುಖ್ಯ. ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ, ಪ್ರೋಟೀನ್ ಆ ನಷ್ಟವನ್ನು ತಗ್ಗಿಸುತ್ತದೆ, ಹಸಿವನ್ನೂ ಹೆಚ್ಚು ಹೊತ್ತು ತಡೆಯುತ್ತದೆ.

ಹೊಟ್ಟೆ ತುಂಬಿಸುವ ಕೆಲಸ ತರಕಾರಿಯದು, ಅರ್ಧ ತಟ್ಟೆ. ಊಟಕ್ಕೆ ಕೂತಾಗ ಮೊದಲು ತರಕಾರಿ, ಪ್ರೋಟೀನ್; ಅನ್ನವೋ ರೊಟ್ಟಿಯೋ ಆಮೇಲೆ. ಆಲೂಗಡ್ಡೆಯನ್ನು ದೂರುವವರು ಬಹಳ. 38 ಆಹಾರಗಳಲ್ಲಿ ಯಾವುದು ಹೆಚ್ಚು ತೃಪ್ತಿ ಕೊಡುತ್ತದೆಂದು 1995ರಲ್ಲಿ ಅಳೆದಾಗ ಬೇಯಿಸಿದ ಆಲೂಗಡ್ಡೆಯೇ ಮೇಲೆ ನಿಂತಿತು. ಬೇಯಿಸಿದ್ದು 100 ಗ್ರಾಂಗೆ 90 ಕ್ಯಾಲರಿಯ ಒಳಗೆ. ಅದನ್ನೇ ಚಿಪ್ಸ್ ಮಾಡಿದರೆ 500 ಮೀರುತ್ತದೆ. ಪೊಟ್ಟಣದ ಆಹಾರದ ಮೇಲೆ 2019ರಲ್ಲಿ ಕೆವಿನ್ ಹಾಲ್ ತಂಡ ಮಾಡಿದ ಪ್ರಯೋಗವನ್ನೂ ಹೇಳಬೇಕು. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು, ಎರಡನ್ನೂ ಬೇಕಾದಷ್ಟು ತಿನ್ನಲು ಬಿಟ್ಟರು. ಸಂಸ್ಕರಿಸಿದ್ದನ್ನು ತಿನ್ನುವಾಗ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು.

ವ್ಯಾಯಾಮ ಬಿಟ್ಟರೂ ಓಡಾಟ ಬಿಡುವಂತಿಲ್ಲ. ದಿನನಿತ್ಯದ ಚಲನೆಯ ಖರ್ಚು ಒಬ್ಬೊಬ್ಬರಿಗೆ ಒಂದೊಂದು ಬಗೆ ಎಂಬುದನ್ನು ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಜೇಮ್ಸ್ ಲೆವಿನ್ 1999ರಲ್ಲೇ ತೋರಿಸಿದರು: 16 ಜನರು ಎಂಟು ವಾರ ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿ ತಿಂದರೂ ಕೊಬ್ಬು ಏರಿದ್ದು ಒಬ್ಬರಿಗೆ ಅರ್ಧ ಕಿಲೋಗಿಂತ ಕಡಿಮೆ, ಇನ್ನೊಬ್ಬರಿಗೆ ನಾಲ್ಕು ಕಿಲೋಗಿಂತ ಹೆಚ್ಚು. ತಮಗೆ ಅರಿವಿಲ್ಲದೆ ಹೆಚ್ಚು ಅಲುಗಾಡಿದವರಲ್ಲಿ ಕೊಬ್ಬು ಕಡಿಮೆ ಕೂತಿತು. ಸುಮ್ಮನೆ ನಿಲ್ಲುವುದರಿಂದ ಪ್ರಯೋಜನ ಅಲ್ಪ. ಕೂರುವುದಕ್ಕಿಂತ ಆರು ಗಂಟೆ ನಿಂತರೆ ಹೆಚ್ಚುವರಿ ಖರ್ಚು 50 ಕ್ಯಾಲರಿ ಆಸುಪಾಸು, ಅದನ್ನು ಒಂದು ಕಿಲೋಮೀಟರ್ ನಡಿಗೆ ಕೊಟ್ಟುಬಿಡುತ್ತದೆ. ನಾನು ಹೇಳುವುದು ಫೋನಿನಲ್ಲಿ ಮಾತಾಡುವಾಗ ನಡೆಯುವುದು, ದೊಡ್ಡ ಬಾಟಲಿ ಬಿಟ್ಟು ಸಣ್ಣ ಲೋಟದಲ್ಲಿ ನೀರಿಟ್ಟುಕೊಂಡು ಪ್ರತಿ ಸಲ ಎದ್ದು ಹೋಗುವುದು, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು. 10,000 ಹೆಜ್ಜೆ ಎಂಬುದು 1965ರ ಜಪಾನಿನ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಅದನ್ನೇ ಗುರಿ ಮಾಡಿಕೊಳ್ಳದೆ, ದಿನದ ಈಗಿನ ಸರಾಸರಿ ಹೆಜ್ಜೆಗೆ 2,000 ಸೇರಿಸಿ, ಅದು ಅಭ್ಯಾಸವಾದ ಮೇಲೆ ಮುಂದಿನದು.

ನಿದ್ದೆ ಆರೂವರೆ ಗಂಟೆಗಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಇಲ್ಲದಿದ್ದರೆ ಹಸಿವು ಹಿಡಿತಕ್ಕೆ ಸಿಗದು.

ತೂಕ ನೋಡುವುದು ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮೊದಲು, ಗಟ್ಟಿ ನೆಲದ ಮೇಲಿಟ್ಟ ಅದೇ ಯಂತ್ರದಲ್ಲಿ. ದಿನದ ಸಂಖ್ಯೆಗೆ ಬೆಲೆ ಕೊಡದೆ ಏಳು ದಿನದ ಸರಾಸರಿ ತೆಗೆದು, ಆ ಸರಾಸರಿಗಳನ್ನಷ್ಟೇ ಹೋಲಿಸಬೇಕು. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಿಗೆ ಗ್ಲೈಕೋಜನ್ ಎನ್ನುತ್ತಾರೆ, ಅದರ ಒಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಮೊದಲ ವಾರ ಸರ್ರನೆ ಇಳಿಯುವುದು ಬಹುಪಾಲು ಈ ನೀರೇ. ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು ಒಂದೆರಡು ಕಿಲೋ ಏರಿಸಬಲ್ಲವು, ಅದು ಕೊಬ್ಬಲ್ಲ. ಹೆಂಗಸರು ಈ ಮುಟ್ಟಿನ ಚಕ್ರದ ಎರಡನೇ ವಾರವನ್ನು ಹಿಂದಿನ ಚಕ್ರದ ಅದೇ ವಾರಕ್ಕೆ ಹೋಲಿಸುವುದು ಸರಿ. ಸೊಂಟದ ಅಳತೆಯನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ತೆಗೆಯಬೇಕು.

ಸರಾಸರಿ ಮೂರು ವಾರ ಅಲುಗದಿದ್ದರೆ ನಾನು ಎಣ್ಣೆಯನ್ನೂ ಬೀಜಗಳನ್ನೂ ಮತ್ತೆ ತಕ್ಕಡಿಗೆ ತರುತ್ತೇನೆ. ಕೈ ಸಡಿಲಾಗುವುದು ಮೊದಲು ಅಲ್ಲೇ. ಅಲ್ಲಿ ಸರಿ ಇದ್ದರೆ ಹೊಸ ತೂಕಕ್ಕೆ ಸೂತ್ರವನ್ನು ಮತ್ತೆ ಹಾಕಬೇಕು. 10 ಕಿಲೋ ಇಳಿದವರ ದಿನದ ಖರ್ಚು ಈ ಲೆಕ್ಕದಲ್ಲೇ 120 ಕ್ಯಾಲರಿ ತಗ್ಗಿರುತ್ತದೆ, ಹಳೆಯ ಕಡಿತ ಅಷ್ಟರಮಟ್ಟಿಗೆ ಕರಗಿರುತ್ತದೆ. ಬೇಕಾದ ತೂಕ ಬಂದ ಮೇಲೆ ಹಳೆಯ ಊಟಕ್ಕೆ ಒಮ್ಮೆಲೇ ಮರಳುವುದಿಲ್ಲ. ದಿನದ ಊಟವನ್ನು ವಾರಕ್ಕೆ 100 ಕ್ಯಾಲರಿಯಂತೆ ಏರಿಸಿ, ಸರಾಸರಿ ನಿಂತಲ್ಲಿ ನಿಲ್ಲಿಸುವುದು. ಏರಿಸುವುದನ್ನು ಅನ್ನ, ಕಾಳು, ಹಣ್ಣಿನಿಂದ ಶುರು ಮಾಡುತ್ತೇನೆ. ಎಣ್ಣೆ ಬಾಟಲಿ ಮಾತ್ರ ಆಮೇಲೂ ತಕ್ಕಡಿಯ ಪಕ್ಕದಲ್ಲೇ ಇರುತ್ತದೆ.