ಅಡುಗೆಮನೆಯ ತಕ್ಕಡಿಯಲ್ಲಿ ಸಾಂದ್ರತೆ ಅಳೆಯುವುದು ಹೇಗೆ?

ಮಲೆನಾಡಿನಲ್ಲಿ ಜೇನುತುಪ್ಪವನ್ನು ಕೆಲವರು ಬಾಟಲಿ ಲೆಕ್ಕದಲ್ಲಿ ಮಾರಿದರೆ ಕೆಲವರು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಲೀಟರ್ ಎಂದರೆ ಒಂದು ಕಿಲೋ ಎಂದುಕೊಂಡು ಇವೆರಡರ ಬೆಲೆಯನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಒಂದು ಲೀಟರ್ ಜೇನುತುಪ್ಪ ಸುಮಾರು 1.4 ಕಿಲೋ ತೂಗುತ್ತದೆ. ವಸ್ತುವಿನ ದ್ರವ್ಯರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಸಾಂದ್ರತೆ. ಚಮಚದಷ್ಟಿರಲಿ, ಡಬ್ಬದಷ್ಟಿರಲಿ, ಉಷ್ಣಾಂಶ ಬದಲಾಗದಿದ್ದರೆ ಅದೇ ಎಣ್ಣೆಗೆ ಅದೇ ಸಂಖ್ಯೆ ಬರುತ್ತದೆ. ಇದನ್ನು ಅಳೆಯಲು ಡಿಜಿಟಲ್ ತಕ್ಕಡಿ ಮತ್ತು ಕಿರಿದಾದ ಬಾಯಿಯ ಬಾಟಲಿ ಇದ್ದರೆ ಸಾಕು.

ಮೊದಲು ಒಣಗಿದ ಖಾಲಿ ಬಾಟಲಿಯನ್ನು ತೂಗಿ, ಬಳಿಕ ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗುವುದರಿಂದ, ಎರಡು ತೂಕಗಳ ವ್ಯತ್ಯಾಸವೇ ಬಾಟಲಿಯ ಗಾತ್ರವಾಗುತ್ತದೆ. ಖಾಲಿ ಬಾಟಲಿ 300 ಗ್ರಾಂ, ನೀರು ತುಂಬಿದ್ದು 800 ಗ್ರಾಂ ಇದ್ದರೆ ಗಾತ್ರ 500 ಮಿಲಿಲೀಟರ್. ಅದೇ ಬಾಟಲಿಯನ್ನು ಚೆನ್ನಾಗಿ ಒಣಗಿಸಿ ಕೊಬ್ಬರಿ ಎಣ್ಣೆ ತುಂಬಿದಾಗ ಸುಮಾರು 760 ಗ್ರಾಂ ಬರುತ್ತದೆ. ಎಣ್ಣೆಯ 460 ಗ್ರಾಂ ತೂಕವನ್ನು 500ರಿಂದ ಭಾಗಿಸಿದರೆ ಸಾಂದ್ರತೆ 0.92. ಚಳಿಗಾಲದ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸಿಯೇ ಅಳೆಯಬೇಕು. ಹೆಪ್ಪುಗಟ್ಟುವಾಗ ಎಣ್ಣೆ ಕುಗ್ಗುತ್ತದೆ, ನೀರು ಹಿಗ್ಗುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೂ ಹೆಪ್ಪಾದ ಎಣ್ಣೆ ಕರಗಿದ ಎಣ್ಣೆಯ ತಳಕ್ಕೆ ಇಳಿಯುವುದಕ್ಕೂ ಇದೇ ಕಾರಣ.

ಜೇನುತುಪ್ಪವನ್ನು ಹೀಗೆ ಅಳೆದು ಅದರಲ್ಲಿ ನೀರಿನಂಶ ಹೆಚ್ಚಿದೆಯೇ ಎಂದು ಅಂದಾಜು ಮಾಡಬಹುದು. ಆದರೆ ಅದು ಶುದ್ಧವೆಂಬ ತೀರ್ಮಾನಕ್ಕೆ ಇದನ್ನು ಆಧಾರ ಮಾಡಿಕೊಳ್ಳಬಾರದು. ಗಟ್ಟಿಯಾಗಿ ಕಾಯಿಸಿದ ಸಕ್ಕರೆ ಪಾಕಕ್ಕೂ ಅಷ್ಟೇ ಸಾಂದ್ರತೆ ಬರಬಹುದು.

ತುಂಗಾ ನದಿಯ ನುಣುಪು ಕಲ್ಲಿನಂಥ ವಸ್ತುವಿಗೆ ಬೇರೆ ಉಪಾಯ ಬೇಕು. ಕಲ್ಲನ್ನು ಒಮ್ಮೆ ತೂಗಿಟ್ಟುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಬಳಿಕ ದಾರ ಕಟ್ಟಿದ ಕಲ್ಲನ್ನು ಕೈಯಲ್ಲೇ ಹಿಡಿದು, ಅದು ಪೂರ್ತಿ ಮುಳುಗುವಂತೆ, ಆದರೆ ತಳವನ್ನೂ ಬದಿಯನ್ನೂ ಮುಟ್ಟದಂತೆ ಇಳಿಬಿಡಿ. ಆಗ ಕಾಣುವ ಗ್ರಾಂ ಸಂಖ್ಯೆಯೇ ಮಿಲಿಲೀಟರಿನಲ್ಲಿ ಕಲ್ಲಿನ ಗಾತ್ರ, ಏಕೆಂದರೆ ನೀರು ಕಲ್ಲನ್ನು ಎಷ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೆಯೋ ಅಷ್ಟೇ ಬಲ ಪಾತ್ರೆಯ ಮೇಲೆ ಬೀಳುತ್ತದೆ. ಕಲ್ಲು 270 ಗ್ರಾಂ ಇದ್ದು ತಕ್ಕಡಿ 100 ತೋರಿಸಿದರೆ ಸಾಂದ್ರತೆ 2.7. ಜಂಬಿಟ್ಟಿಗೆಯ ಚೂರಿಗೆ ಈ ಕ್ರಮ ಒಗ್ಗುವುದಿಲ್ಲ. ಅದರ ರಂಧ್ರಗಳಿಗೆ ನೀರು ನುಗ್ಗಿ ಗಾಳಿಯ ಗುಳ್ಳೆಗಳು ಏಳುತ್ತಿರುವಷ್ಟು ಹೊತ್ತೂ ಅಂಕಿ ಬದಲಾಗುತ್ತಲೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಾಣುವುದು ಅಕ್ಕಿ. ಒಂದು ಲೀಟರಿನ ಪಾತ್ರೆಗೆ ಅಕ್ಕಿ ತುಂಬಿ ಬಾಯಿಮಟ್ಟಕ್ಕೆ ಸವರಿ ತೂಗಿದರೆ ಸುಮಾರು 800 ಗ್ರಾಂ ಬರುತ್ತದೆ, ಅಂದರೆ ನೀರಿಗಿಂತ ಕಡಿಮೆ. ಆದರೂ ಅದೇ ಅಕ್ಕಿ ನೀರಿನಲ್ಲಿ ಮುಳುಗುತ್ತದೆ. ನಾವು ಅಳೆದದ್ದು ಅಕ್ಕಿಯನ್ನೂ ಕಾಳುಗಳ ನಡುವಿನ ಗಾಳಿಯನ್ನೂ ಸೇರಿಸಿ. ಅಳತೆಯ ಗೆರೆಗಳಿರುವ ಪಾತ್ರೆಯಲ್ಲಿ ನೀರು ತೆಗೆದುಕೊಂಡು 100 ಗ್ರಾಂ ಅಕ್ಕಿ ಸುರಿದು, ಕಾಳು ನೀರು ಹೀರುವ ಮೊದಲೇ ನೋಡಿದರೆ, ಮಟ್ಟ ಸುಮಾರು 70 ಮಿಲಿಲೀಟರಿನಷ್ಟು ಏರಿರುತ್ತದೆ. ಹಾಗಾಗಿ ಕಾಳಿನ ಸಾಂದ್ರತೆ 1.4ರ ಆಸುಪಾಸಿನದು, ಪಾತ್ರೆಯ ಹತ್ತರಲ್ಲಿ ನಾಲ್ಕು ಪಾಲು ಬರಿಯ ಗಾಳಿ. ಕುಲುಕಿ ತುಂಬಿದ ಸೇರಿಗೂ ಸಡಿಲವಾಗಿ ಸುರಿದ ಸೇರಿಗೂ ತೂಕ ಬೇರೆಯಾಗುವುದು ಇದರಿಂದಲೇ. ಧಾನ್ಯ ಕೊಳ್ಳುವಾಗ ಅಳತೆಗಿಂತ ತೂಕವನ್ನು ನಂಬುವುದು ಮೇಲು.

ಮುಂಗಾರಿಗೆ ಸಸಿಮಡಿ ಹಾಕುವ ಮುನ್ನ ಬೀಜದ ಭತ್ತವನ್ನು ಉಪ್ಪುನೀರಿನಲ್ಲಿ ಆರಿಸುವುದರಲ್ಲೂ ಇದೇ ತತ್ವವಿದೆ. ಬರಿಯ ನೀರಿನಲ್ಲಿ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ. ಅರೆತುಂಬಿದ ಕಾಳೂ ಮೇಲೆ ಬರಬೇಕಾದರೆ ನೀರಿನ ಸಾಂದ್ರತೆಯನ್ನು ಹೆಚ್ಚಿಸಬೇಕು. ತಾಜಾ ಕೋಳಿಮೊಟ್ಟೆಯ ಸಾಂದ್ರತೆ ಸುಮಾರು 1.08 ಆದ್ದರಿಂದ, ಅದು ತಳ ಬಿಟ್ಟು ಮೇಲೆ ತೇಲುವವರೆಗೆ ಉಪ್ಪು ಕರಗಿಸುತ್ತಾ ಹೋದರೆ ದ್ರಾವಣ ಹದಕ್ಕೆ ಬರುತ್ತದೆ. ಮೊಟ್ಟೆ ತೆಗೆದು ಭತ್ತ ಸುರಿದು ಕಲಕಿ, ತೇಲಿದ್ದನ್ನು ಬಳಿದು ಹಾಕಿ. ಉಪ್ಪಿನಂಶ ಉಳಿದರೆ ಮೊಳಕೆಗೆ ಹಾನಿಯಾಗುವುದರಿಂದ, ತಳದಲ್ಲಿ ಉಳಿದ ಗಟ್ಟಿ ಕಾಳನ್ನು ಕೂಡಲೇ ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆದು, ಅನಂತರವೇ ನೆನೆಹಾಕಿ.