ಕಿತ್ತಳೆ, ಮೂಸಂಬಿ ಸಸಿ ಕೊಳ್ಳುವ ಮುನ್ನ ಬುಡ ಯಾವುದೆಂದು ಕೇಳಿ

ನರ್ಸರಿಗೆ ಹೋದವರು ಕೇಳುವುದು ಒಂದೇ ಪ್ರಶ್ನೆ: ಯಾವ ತಳಿ? ನಾಗಪುರ ಕಿತ್ತಳೆ, ಸಾತಗುಡಿ ಮೂಸಂಬಿ ಅಂತ ಉತ್ತರ ಬಂದರೆ ಸಾಕು, ಗಾಡಿಗೆ ಹಾಕಿಸಿಕೊಂಡು ಬರುತ್ತಾರೆ. ಕಸಿಗಂಟಿನ ಕೆಳಗೆ ಯಾವ ಗಿಡ ಇದೆ ಎಂದು ಕೇಳುವವರನ್ನು ನಾನು ಕಂಡಿದ್ದು ತೀರಾ ಕಡಿಮೆ. ಐದಾರು ವರ್ಷ ಸಾಕಿದ ಮೇಲೆ ಹಣ್ಣು ಸಪ್ಪೆ, ಸಿಪ್ಪೆ ದಪ್ಪ, ಬುಡದಲ್ಲಿ ಅಂಟು ಸೋರುತ್ತಿದೆ ಎಂದು ಗೊಬ್ಬರದಂಗಡಿಗೆ ಓಡುತ್ತಾರೆ. ತೋಟದ ತುಂಬ ಬೇರೂರಿದ ಬುಡವನ್ನು ಆಗ ಬದಲಿಸಲು ಆಗುತ್ತದಾ?

ಮೊದಲು ಮಣ್ಣು. ಎರಡಡಿ ಗುಂಡಿ ತೆಗೆದು ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬುಡಕೊಳೆಯ ಭಯ ಇದೆ. ಒಂದು ಹಿಡಿ ಒಣಮಣ್ಣಿಗೆ ವಿನೆಗರ್ ಹನಿಸಿ. ಬುರುಬುರು ನೊರೆ ಬಂದರೆ ಸುಣ್ಣದ ಅಂಶ ಜಾಸ್ತಿ. ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಕೊಡಿ.

ಈಗ ಬೇರುಸಸಿ, ಅಂದರೆ ಕಸಿಗಂಟಿನ ಕೆಳಗಿರುವ ಬುಡದ ಗಿಡ. ಎಡವುವುದು ಇಲ್ಲೇ.

ಸಕ್ಕರೆ ತಯಾರಾಗುವುದು ಎಲೆಯಲ್ಲಿ, ಬೇರಿನಲ್ಲಲ್ಲ. ಆದರೆ ಹಣ್ಣಿಗೆ ಎಷ್ಟು ನೀರು ಹೋಗುತ್ತದೆ, ಗಿಡ ಎಷ್ಟು ರಭಸದಲ್ಲಿ ಬೆಳೆಯುತ್ತದೆ ಎಂಬುದರಲ್ಲಿ ಬೇರಿನ ಪಾಲು ದೊಡ್ಡದು. ಜಂಬೇರಿಯನ್ನೇ ನೋಡಿ, ಒರಟು ಸಿಪ್ಪೆಯ ನಿಂಬೆ ಅದು. ಅದರ ಬೇರು ಬಲು ಜೋರು. ಗಿಡ ಬೇಗ ಎತ್ತರವಾಗುತ್ತದೆ, ಬೇಗ ಫಸಲಿಗೆ ಬರುತ್ತದೆ, ಹಣ್ಣೂ ದಪ್ಪ. ಸಸಿ ಬೇಗ ಕಸಿಗೆ ಬರುವುದರಿಂದ ನರ್ಸರಿಯವರಿಗೂ ಅದೇ ಇಷ್ಟ. ಆದರೆ ಸಾರಿಗೆ ನೀರು ಜಾಸ್ತಿಯಾದ ಹಾಗೆ, ರಸದಲ್ಲಿ ಸಿಹಿಯೂ ಹುಳಿಯೂ ತೆಳುವಾಗುತ್ತವೆ. ಸಿಪ್ಪೆ ಒರಟು. ಬುಡಕೊಳೆ ತರುವ ಫೈಟಾಫ್ತೊರಾಕ್ಕೂ ಬೇಗ ಸೋಲುತ್ತದೆ. ನೀರು ನಿಲ್ಲುವ ಜಾಗಕ್ಕೆ ಜಂಬೇರಿ ಬೇಡವೇ ಬೇಡ.

ಇದಕ್ಕೆ ತದ್ವಿರುದ್ಧ ಮೂರೆಲೆ ಕಿತ್ತಳೆ, ಅಂದರೆ ಟ್ರೈಫೋಲಿಯೇಟ್. ಗಿಡ ಗಿಡ್ಡ, ಬೆಳವಣಿಗೆ ನಿಧಾನ, ಹಣ್ಣು ಮಾತ್ರ ಒಳ್ಳೇ ಸಿಹಿ. ಬುಡಕೊಳೆಯನ್ನೂ ತಡೆದುಕೊಳ್ಳುತ್ತದೆ. ಕೊಡಗಿನಂಥ ಹುಳಿಮಣ್ಣಿನ, ಮಳೆ ಹೆಚ್ಚಿರುವ ಕಡೆ ಇದನ್ನಾಗಲಿ, ಇದರ ಮಿಶ್ರತಳಿ ಟ್ರಾಯರ್ ಸಿಟ್ರೇಂಜನ್ನಾಗಲಿ ಯೋಚಿಸಬಹುದು. ಇದನ್ನೇ ವಿಜಯಪುರದ ಸುಣ್ಣದ ಕಪ್ಪುಮಣ್ಣಿಗೆ ಒಯ್ದರೆ ಕಬ್ಬಿಣಾಂಶ ಸಿಗುವುದಿಲ್ಲ. ಎಳೆ ಎಲೆಯಲ್ಲಿ ನರ ಮಾತ್ರ ಹಸಿರು ಉಳಿದು ಮಿಕ್ಕಿದ್ದೆಲ್ಲ ಹಳದಿಯಾಗುತ್ತದೆ.

ಹೆಚ್ಚಿನ ತೋಟಗಳಿಗೆ ನಾನು ಹೇಳುವುದು ರಂಗಪುರ ನಿಂಬೆ. ಬರ, ಉಪ್ಪು, ಸುಣ್ಣ ಮೂರನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಹಣ್ಣು ಟ್ರೈಫೋಲಿಯೇಟಿನಷ್ಟು ಸಿಹಿಯಿಲ್ಲ, ಜಂಬೇರಿಗಿಂತ ವಾಸಿ. ಟ್ರಿಸ್ಟೆಜಾ ವೈರಸ್ಸಿಗೂ ಬಗ್ಗುವುದಿಲ್ಲ. 1930ರ ದಶಕದಿಂದ ಈ ವೈರಸ್ ಬ್ರೆಜಿಲ್‌ನ ತೋಟಗಳಿಗೆ ನುಗ್ಗಿದಾಗ ಅಲ್ಲಿದ್ದದ್ದು ಸೋರ್ ಆರೆಂಜ್, ಅಂದರೆ ಹುಳಿ ಕಿತ್ತಳೆಯ ಬುಡ. ಹಣ್ಣಿನ ರುಚಿಗೆ ಅದು ಬಹಳ ಒಳ್ಳೆಯದು. ಆದರೆ ಅದರ ಮೇಲೆ ಕಟ್ಟಿದ್ದ ಕಿತ್ತಳೆ ಮರಗಳು ಲಕ್ಷಗಟ್ಟಲೆ ಒಣಗಿದವು. ಆಮೇಲೆ ಸಾವೊ ಪಾಲೊ ರೈತರ ಕೈ ಹಿಡಿದದ್ದು ರಂಗಪುರ. ಹಾಗಾಗಿ ರುಚಿಯೊಂದನ್ನೇ ನೋಡಿ ಬುಡ ಆರಿಸಬೇಡಿ. ರಂಗಪುರಕ್ಕೂ ನಿಂತ ನೀರು ಆಗುವುದಿಲ್ಲ, ಏರುಮಡಿ ಮಾಡಿಯೇ ನೆಡಿ.

ಇನ್ನು ಹಣ್ಣಿನ ಸಿಹಿ ಹೆಚ್ಚಿಸುತ್ತೇವೆ ಎಂದು ಮಾರುವ ಟಾನಿಕ್ ಬಾಟಲಿಗಳು. ಸುಮ್ನೆ ದುಡ್ಡು ದಂಡ. ಬುಡಕ್ಕೆ ಬೆಲ್ಲದ ನೀರು ಹೊಯ್ದರೂ ಆ ಸಿಹಿ ಹಣ್ಣಿಗೆ ಏರುವುದಿಲ್ಲ.

ಸಸಿ ಆರಿಸುವಾಗ ಕಸಿಗಂಟು ಚೀಲದ ಮಣ್ಣಿಂದ ಒಂದು ಗೇಣಾದರೂ ಮೇಲಿರಲಿ. ಗಂಟಿನ ಮೇಲೆ, ಕೆಳಗೆ ತೊಗಟೆ ಕೂಡಿಕೊಂಡಿರಬೇಕು, ಬಿರುಕು ಇರಬಾರದು. ಒಂದು ಸಸಿಯ ಚೀಲ ಬಿಚ್ಚಿಸಿ ತಾಯಿಬೇರು ನೋಡಿ. ಕೊಕ್ಕೆಯಂತೆ ಬಾಗಿದ್ದರೆ ಆ ಮಡಿಯ ಸಸಿಯೇ ಬೇಡ. ಬೇರುಸಸಿಯ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಲಾರಿಯಲ್ಲಿ ತಂದು ರಸ್ತೆಬದಿ ಮಾರುವವರ ಬಳಿ ಈ ಮಾಹಿತಿ ಸಿಗುವುದಿಲ್ಲ, ಅಲ್ಲಿ ಕೊಳ್ಳಬೇಡಿ.

ನೆಡುವುದು ಸುಲಭ: ಚೀಲದಲ್ಲಿದ್ದಷ್ಟೇ ಆಳಕ್ಕೆ ನೆಡಿ, ಗಂಟಿನವರೆಗೆ ಮಣ್ಣು ಏರಿಸಬೇಡಿ. ಗಂಟು ಮಣ್ಣಲ್ಲಿ ಹೂತರೆ ಮೇಲಿನ ತಳಿಗೆ ಕೊಳೆ ತಗಲುತ್ತದೆ, ಅದೇ ಬೇರು ಬಿಡಲೂಬಹುದು. ಆಗ ಕಸಿ ಮಾಡಿದ್ದೇ ವ್ಯರ್ಥ.

ಬುಡದ ಚಿಗುರು. ಗಂಟಿನ ಕೆಳಗಿಂದ ಬರುವ ಚಿಗುರು ಬೇರುಸಸಿಯದು. ಟ್ರೈಫೋಲಿಯೇಟ್ ಆದರೆ ಒಂದೇ ತೊಟ್ಟಿಗೆ ಮೂರು ಎಲೆ. ರಂಗಪುರ, ಜಂಬೇರಿ ಆದರೆ ಎಳೆ ತುದಿಯಲ್ಲಿ ಕೆನ್ನೇರಳೆ ಛಾಯೆ, ಪಕ್ಕದಲ್ಲಿ ಮುಳ್ಳು. ಗಿಡ ಸೊಂಪಾಯಿತು ಎಂದು ಬಿಟ್ಟರೆ ಅದು ಮೇಲಿನ ತಳಿಯನ್ನೇ ಮೀರಿಸಿ ಬೆಳೆದು ಹುಳಿ ಕಾಯಿ ಬಿಡುತ್ತದೆ. ಕಿತ್ತಳೆ ಕೆಟ್ಟಿತು ಎನ್ನುವ ಎಷ್ಟೋ ತೋಟಗಳ ಕಥೆ ಇದೇ. ಕತ್ತರಿ ಬೇಡ, ಕತ್ತರಿಸಿದರೆ ಬುಡದ ಮೊಗ್ಗುಗಳು ಉಳಿದು ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಎಳೆಯದಿರುವಾಗಲೇ ಹೆಬ್ಬೆರಳಲ್ಲಿ ಕೆಳಕ್ಕೆ ಒತ್ತಿ, ಬುಡಸಮೇತ ಕಿತ್ತುಹಾಕಿ. ಮೊದಲ ಎರಡು ವರ್ಷ ತಿಂಗಳಿಗೊಮ್ಮೆಯಾದರೂ ಬಗ್ಗಿ ನೋಡಿ.

ಮೊದಲ ಒಂದೆರಡು ಫಸಲಿನ ಹಣ್ಣು ಯಾವ ಬುಡದ ಮೇಲಾದರೂ ದಪ್ಪ ಸಿಪ್ಪೆಯದೇ. ಅದನ್ನು ತಿಂದು ಬೇರುಸಸಿ ಸರಿಯಿಲ್ಲ ಎಂದು ತೀರ್ಮಾನಿಸಬೇಡಿ. ಕಿತ್ತಳೆ ಕೊಯ್ದ ಮೇಲೆ ಮತ್ತೆ ಸಿಹಿಯಾಗುವುದಿಲ್ಲ, ಮರದಲ್ಲೇ ಪೂರ್ತಿ ಬಲಿಯಲು ಬಿಟ್ಟು ಆಮೇಲೆ ರುಚಿ ನೋಡಿ.