ಹಿನ್ನೀರ ದಂಡೆಯ ಹೂಳಿನಲ್ಲಿ ಭಾರಲೋಹ: ಅಳೆಯುವ ಕ್ರಮ

ಕಡಲತೀರದ ಹೂಳಿನಲ್ಲಿ ಭಾರಲೋಹಗಳನ್ನು ಅಳೆಯುವ ಕ್ರಮವನ್ನೇ ಆಲಮಟ್ಟಿಯ ಹಿನ್ನೀರು ಇಳಿದಾಗ ಬಾಗಲಕೋಟೆ, ಬೀಳಗಿ ಕಡೆ ತೆರೆದುಕೊಳ್ಳುವ ದಂಡೆಗೂ ಅನ್ವಯಿಸಬಹುದು. ಆದರೆ ಹೋಲಿಕೆಗೆ ಬೇಕಾದ ಮೂಲಮಟ್ಟವನ್ನು, ಅಂದರೆ ಮಾಲಿನ್ಯವಿಲ್ಲದಾಗ ಹೂಳಿನಲ್ಲಿ ಸಹಜವಾಗಿಯೇ ಇರುವ ಲೋಹದ ಪ್ರಮಾಣವನ್ನು, ಪುಸ್ತಕದಿಂದ ಹಾಗೆಯೇ ಎತ್ತಿಕೊಳ್ಳಬಾರದು.

ಮಾದರಿ ತೆಗೆಯಲು ನೀರು ತಗ್ಗಿರುವ ಬೇಸಿಗೆಯೇ ಸೂಕ್ತ. ಪ್ರತಿ ಜಾಗದಲ್ಲಿ ಮೇಲಿನ 5 ಸೆಂ.ಮೀ. ಹೂಳನ್ನು ನಾಲ್ಕೈದು ಕಡೆಯಿಂದ ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು ಬೆರೆಸಬೇಕು; ಉಕ್ಕಿನ ಸಲಿಕೆಯಿಂದ ಕ್ರೋಮಿಯಂ, ನಿಕ್ಕಲ್ ಸೇರಿಕೊಳ್ಳುವ ಭಯವಿದೆ. ಹೂಳನ್ನು ಒಣಗಿಸಿ (ಪಾದರಸವನ್ನೂ ಅಳೆಯುವುದಾದರೆ ಅದು ಆವಿಯಾಗದಂತೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು), 63 ಮೈಕ್ರಾನ್ ಜರಡಿ ಹಿಡಿಯಬೇಕು, ಏಕೆಂದರೆ ಲೋಹಗಳು ಹೆಚ್ಚಾಗಿ ಅಂಟಿಕೊಳ್ಳುವುದು ಸಣ್ಣ ಕಣಗಳಿಗೆ. ಉಳಿದದ್ದು ಪ್ರಯೋಗಾಲಯದ ಕೆಲಸ. ಲೋಹದ ಪ್ರಮಾಣ ಮೊದಲೇ ಖಚಿತವಾಗಿ ಗೊತ್ತಿರುವ ಪ್ರಮಾಣೀಕೃತ ಮಾದರಿಯನ್ನೂ ಜೊತೆಯಲ್ಲಿ ಅಳೆದು ನೋಡಿದ್ದಾರೆಯೇ ಎಂದು ಕೇಳಿ ತಿಳಿಯಬೇಕು.

ಎಡವುವುದು ಮುಂದಿನ ಹಂತದಲ್ಲಿ. ಮಾಲಿನ್ಯವನ್ನು ತೂಗಿ ನೋಡುವ ಭೂಸಂಚಯ ಸೂಚ್ಯಂಕವೆಂದರೆ ಅಳೆದ ಪ್ರಮಾಣವನ್ನು ಮೂಲಮಟ್ಟದ ಒಂದೂವರೆ ಪಟ್ಟಿನಿಂದ ಭಾಗಿಸಿ, ಎರಡರ ಆಧಾರದಲ್ಲಿ ತೆಗೆದ ಲಾಗರಿದಮ್; ಅದು ಸೊನ್ನೆ ದಾಟದಿದ್ದರೆ ಮಾಲಿನ್ಯವಿಲ್ಲವೆಂದು ಅರ್ಥ. ಒಂದು ಕಿಲೋ ಹೂಳಿನಲ್ಲಿ 140 ಮಿ.ಗ್ರಾಂ. ನಿಕ್ಕಲ್ ಸಿಕ್ಕಿತೆನ್ನೋಣ. ವಾಡಿಕೆಯ ಜೇಡಿಶಿಲೆಯ ಸರಾಸರಿಯಾದ 68ನ್ನು ಹಿಡಿದರೆ ಸೂಚ್ಯಂಕ 0.46 ಬಂದು ಮಾಲಿನ್ಯ ಶುರುವಾದಂತೆ ಕಾಣುತ್ತದೆ; ಬಸಾಲ್ಟಿನ, ಅಂದರೆ ಕರಿಕಲ್ಲಿನ, ಸರಾಸರಿ 130 ಹಿಡಿದರೆ ಅದೇ ಮಾದರಿಗೆ ಋಣ 0.48 ಬರುತ್ತದೆ. ಕೃಷ್ಣೆ ಮಹಾಬಳೇಶ್ವರದಿಂದಲೂ ಬಹುಪಾಲು ಕರಿಕಲ್ಲಿನ ಮೇಲೆಯೇ ಹರಿದು ಬರುವುದರಿಂದ ಅವಳ ಹೂಳಿನಲ್ಲಿ ನಿಕ್ಕಲ್, ಕ್ರೋಮಿಯಂ, ತಾಮ್ರ ಸಹಜವಾಗಿಯೇ ಹೆಚ್ಚು. ಬಾದಾಮಿಯ ಮರಳುಗಲ್ಲಿನ ಸೀಮೆ ಹಾದು ಬರುವ ಮಲಪ್ರಭೆಗೆ ಅದೇ ಅಳತೆಗೋಲು ಒಪ್ಪುವುದಿಲ್ಲ. ಕಾರ್ಖಾನೆ, ಊರ ಚರಂಡಿಗಳಿಲ್ಲದ ಮೇಲ್ಗಡೆಯ ಹಳ್ಳದ ಹೂಳನ್ನೇ ಮೂಲಮಟ್ಟವಾಗಿಟ್ಟುಕೊಳ್ಳುವುದು ಲೇಸು. ಕ್ಯಾಡ್ಮಿಯಂ ಮಾತ್ರ ಏರಿದ್ದರೆ ಕಬ್ಬಿನ ಗದ್ದೆಗಳ ರಂಜಕ ಗೊಬ್ಬರದತ್ತಲೂ ನೋಡಬೇಕು.

ಆರೋಗ್ಯದ ಲೆಕ್ಕಕ್ಕೆ ದಂಡೆಯಲ್ಲಿ ಆಡುವ ಮಗುವನ್ನೇ ಎದುರಿಗಿಟ್ಟುಕೊಳ್ಳಬೇಕು. 15 ಕಿಲೋ ತೂಕದ ಮಗು ದಿನಕ್ಕೆ 200 ಮಿ.ಗ್ರಾಂ. ಮಣ್ಣು ನುಂಗುತ್ತದೆ, ವರ್ಷದಲ್ಲಿ 90 ದಿನ ಅಲ್ಲಿ ಆಡುತ್ತದೆ ಎಂದು ಹಿಡಿದರೆ, ಮೇಲಿನ ನಿಕ್ಕಲ್ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.00046 ಮಿ.ಗ್ರಾಂ. ಆಗುತ್ತದೆ. ಇದನ್ನು ದಿನವೂ ಒಳಹೋದರೂ ಹಾನಿಯಾಗದೆಂದು ಎಣಿಸುವ ಉಲ್ಲೇಖ ಪ್ರಮಾಣವಾದ 0.02ರಿಂದ ಭಾಗಿಸಿದರೆ ಅಪಾಯಾಂಕ 0.023, ಎಲ್ಲ ಲೋಹಗಳ ಮೊತ್ತ 1 ದಾಟಿದರೆ ಎಚ್ಚರ ಬೇಕು. ಕ್ರೋಮಿಯಂ ಮೂರನೇ ಮತ್ತು ಆರನೇ ವೇಲೆನ್ಸಿ ಎಂಬ ಎರಡು ರಾಸಾಯನಿಕ ರೂಪಗಳಲ್ಲಿ ಸಿಗುತ್ತದೆ; ಒಟ್ಟು ಕ್ರೋಮಿಯಂನ್ನೆಲ್ಲ ಹೆಚ್ಚು ವಿಷಕಾರಿಯಾದ ಆರನೇ ವೇಲೆನ್ಸಿಯದೆಂದು ಎಣಿಸಿ ಗಾಬರಿ ಹುಟ್ಟಿಸುವ ವರದಿಗಳಿರುತ್ತವೆ. ಕರಿಕಲ್ಲಿನದು ಬಹುಪಾಲು ಮೂರನೆಯದು, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಸಬೇಕು.

ಸೀಸಕ್ಕೆ ಈ ಭಾಗಾಕಾರವನ್ನು ನಂಬುವಂತಿಲ್ಲ, ಏಕೆಂದರೆ ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಸುರಕ್ಷಿತವೆನ್ನುವ ಮಿತಿಯೇ ಅದಕ್ಕಿಲ್ಲ. ಮೂಲಮಟ್ಟಕ್ಕಿಂತ ಸೀಸ ಎದ್ದು ಕಂಡರೆ, ಅಪಾಯಾಂಕ ಎಷ್ಟೇ ಕಡಿಮೆ ಬಂದರೂ ಅಲ್ಲಿಂದ ಮತ್ತೆ ಮಾದರಿ ತೆಗೆದು, ನದಿಯ ಮೇಲ್ಗಡೆಗೆ ಅದರ ಮೂಲವನ್ನು ಹುಡುಕುತ್ತ ಹೋಗಬೇಕು.